ಜಪಾನಿನ ಪಿತೃಪಕ್ಷ

ಭಗವಾನ್ ಬುದ್ಧನ ಇಬ್ಬರು ಅಗ್ರಶಿಷ್ಯರಲ್ಲಿ ಮೌದ್ಗಲ್ಯಾಯನನು ಒಬ್ಬ. ಶಾರಿಪುತ್ರನು ಪ್ರಜ್ಞೆಯಲ್ಲಿ ಹೇಗೋ ಇವನು ಸಿದ್ಧಿಗಳಲ್ಲಿ ಹಾಗೆ ಎಲ್ಲರಿಗಿಂತ ಮುಂದು. ದಿವ್ಯದೃಷ್ಟಿ ದೊರೆತೊಡನೆ ಇವನು ಮಾಡಿದ ಮೊದಲ ಕೆಲಸವೆಂದರೆ, ತೀರಿಹೋದ ತನ್ನ ತಾಯಿ ಎಲ್ಲಿದ್ದಾಳೆಂದು ಹುಡುಕಿದ್ದು. ಪ್ರೇತಲೋಕದಲ್ಲಿ ಅನ್ನನೀರಿಲ್ಲದೆ, ಎಲುಬು ಚರ್ಮ ಒಂದಾಗಿ ಆಕೆ ನಿಂತಿದ್ದಳು. ಮಗನು ಬಟ್ಟಲು ತುಂಬ ಅನ್ನವನ್ನು ಒಯ್ದು ಕೊಟ್ಟ. ತಾಯಿ ಎಡಗೈಯಿಂದ ಬಟ್ಟಲನ್ನು ಮರೆಮಾಡಿಕೊಂಡು ಬಲಗೈಯಿಂದ ತುತ್ತೆತ್ತಿದಳು. ತುತ್ತು ಬಾಯಿ ಸೇರುವ ಮೊದಲೇ ಕೆಂಡವಾಯಿತು. ಅಳುತ್ತ ಬಂದ ಶಿಷ್ಯನಿಗೆ ಬುದ್ಧನು ಹೇಳಿದನಂತೆ: ನಿನ್ನ ತಾಯಿಯ ಪಾಪ ದೊಡ್ಡದು, ನಿನ್ನೊಬ್ಬನ ಶಕ್ತಿಯಿಂದ ಅದು ಕರಗದು, ಭಿಕ್ಷುಗಳು ಮಳೆಗಾಲದ ವ್ರತವನ್ನು ಮುಗಿಸುವ ಏಳನೆಯ ತಿಂಗಳ ಹುಣ್ಣಿಮೆಯ ದಿನ ಸಂಘಕ್ಕೆಲ್ಲ ಉಣಬಡಿಸು, ಆ ಪುಣ್ಯದಿಂದ ತಂದೆತಾಯಿಗಳಷ್ಟೇ ಏಕೆ, ಹಿಂದಿನ ಏಳು ತಲೆಮಾರಿನವರೂ ಬಿಡುಗಡೆ ಹೊಂದುವರು. ಮಗನು ಹಾಗೆಯೇ ಮಾಡಿದ. ತಾಯಿಗೆ ಪ್ರೇತತ್ವ ಕಳೆಯಿತು.

ಈ ಕಥೆಯನ್ನು ಕೇಳಿದ ಕನ್ನಡಿಗನಿಗೆ ಕರ್ಣನ ನೆನಪು ಬಾರದೆ ಇರದು. ಸ್ವರ್ಗಕ್ಕೆ ಹೋದ ಕರ್ಣನಿಗೆ ಎಲೆಯ ತುಂಬ ಬಂಗಾರವನ್ನೇ ಬಡಿಸಿದರು, ಹಸಿವು ಹಿಂಗಲಿಲ್ಲ. ಬದುಕಿದ್ದಾಗ ಬಂಗಾರವನ್ನು ಬೇಡಿದವರಿಗೆಲ್ಲ ಕೊಟ್ಟೆ, ಪಿತೃಗಳ ಹೆಸರಿನಲ್ಲಿ ಒಂದು ತುತ್ತು ಅನ್ನವನ್ನು ಇಡಲಿಲ್ಲ ಎಂದು ಕಾರಣ ಹೇಳಿ, ಹದಿನೈದು ದಿನದ ಮಟ್ಟಿಗೆ ಅವನನ್ನು ಭೂಮಿಗೆ ಕಳುಹಿಸಿದರು. ಅದೇ ಪಿತೃಪಕ್ಷವಾಯಿತು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ವ್ಯಾಸರ ಭಾರತದಲ್ಲಿ ಈ ಪ್ರಸಂಗವಿಲ್ಲ, ಜನರ ಬಾಯಲ್ಲಿ ಬೆಳೆದದ್ದು. ಅಲ್ಲಿ ಅನ್ನ ಕೆಂಡವಾಯಿತು, ಇಲ್ಲಿ ಬಂಗಾರವಾಯಿತು. ಎರಡನ್ನೂ ತಿನ್ನಲಾಗದು.

ಮೌದ್ಗಲ್ಯಾಯನನ ಕಥೆ ಬರುವ ಗ್ರಂಥಕ್ಕೆ ‘ಉಲ್ಲಂಬನ ಸೂತ್ರ’ವೆಂದು ಹೆಸರು. ಈ ಶಬ್ದದ ಅರ್ಥದ ಬಗ್ಗೆ ಪಂಡಿತರ ಜಗಳ ಇನ್ನೂ ತೀರಿಲ್ಲ. ತಲೆಕೆಳಗಾಗಿ ತೂಗುವುದು ಎಂಬುದು ಹಳೆಯ ವ್ಯಾಖ್ಯಾನ. ಇರಾನಿ ಭಾಷೆಯಲ್ಲಿ ಆತ್ಮವೆಂಬ ಅರ್ಥದ ‘ಉರ್ವನ್’ ಶಬ್ದದಿಂದ ಬಂದಿತೆಂದು ಇನ್ನು ಕೆಲವರು. ನಮಗಾದರೋ ಮೊದಲಿನದೇ ರುಚಿಸುತ್ತದೆ, ಏಕೆಂದರೆ ಆಸ್ತೀಕಪರ್ವದ ಜರತ್ಕಾರುವನ್ನು ನಾವು ಬಲ್ಲೆವು. ಮದುವೆಯೇ ಬೇಡವೆಂದು ತಿರುಗುತ್ತಿದ್ದ ಆ ಋಷಿಯು ಒಂದು ಹಳ್ಳದಲ್ಲಿ ತನ್ನ ಪಿತೃಗಳು ತಲೆಕೆಳಗಾಗಿ ಜೋತು ಬಿದ್ದಿರುವುದನ್ನು ಕಂಡ. ಅವರು ಹಿಡಿದುಕೊಂಡಿದ್ದ ಹುಲ್ಲಿನ ಬೇರನ್ನು ಇಲಿಯೊಂದು ಕಡಿಯುತ್ತಿತ್ತು. ನೆನೆಯುವ ವಂಶ ಇಲ್ಲವಾದರೆ ಸತ್ತವರ ಗತಿ ಹೀಗೆ ಎಂಬ ಭಯವು ಈ ದೇಶದಲ್ಲಿ ಬುದ್ಧನಿಗೂ ಹಳೆಯದು.

ಸೋಜಿಗವೇನೆಂದರೆ ಇಂಥ ಸೂತ್ರದ ಸಂಸ್ಕೃತ ಮೂಲ ನಮ್ಮಲ್ಲಿ ಎಲ್ಲಿಯೂ ಸಿಕ್ಕಿಲ್ಲ. ಚೀನೀ ಭಾಷೆಯ ಪಾಠ ಮಾತ್ರ ಉಳಿದಿದೆ. ಮೂರನೆಯ ಶತಮಾನದ ಧರ್ಮರಕ್ಷನೆಂಬ ಭಿಕ್ಷುವು ಅದನ್ನು ಅನುವಾದಿಸಿದನೆಂದು ಹೇಳಿಕೆ; ಚೀನಾದಲ್ಲಿಯೇ ರಚಿತವಾಯಿತೆಂದು ಶಂಕಿಸುವ ವಿದ್ವಾಂಸರೂ ಇದ್ದಾರೆ. ಮನೆಮಾರು ಬಿಟ್ಟು ತಲೆ ಬೋಳಿಸಿಕೊಂಡ ಸಂನ್ಯಾಸಿಗಳು ತಂದೆತಾಯಿಗಳ ಋಣವನ್ನು ತೀರಿಸುವರೇ ಎಂಬುದು ಚೀನೀಯರು ಬೌದ್ಧಧರ್ಮಕ್ಕೆ ಹಾಕಿದ ದೊಡ್ಡ ಆಕ್ಷೇಪವಾಗಿತ್ತು. ಅದಕ್ಕೆ ಈ ಕಥೆಗಿಂತ ಒಳ್ಳೆಯ ಉತ್ತರವಿರಲಿಲ್ಲ. ಕ್ರಿ. ಶ. 538ರಲ್ಲಿ ಲಿಯಾಂಗ್ ವಂಶದ ವೂ ಚಕ್ರವರ್ತಿಯು ಈ ಉತ್ಸವವನ್ನು ನಡೆಸಿದನು. ಕಡಲು ದಾಟಿ ಜಪಾನಿಗೆ ಬರಲು ಬಹಳ ಕಾಲ ಹಿಡಿಯಲಿಲ್ಲ. 606ರಲ್ಲಿ ಸುಯಿಕೊ ಸಮ್ರಾಜ್ಞಿಯ ಕಾಲದಲ್ಲಿ ಏಳನೆಯ ತಿಂಗಳ 15ರಂದು ದೇವಾಲಯಗಳಲ್ಲಿ ಅನ್ನಸಂತರ್ಪಣೆ ನಡೆಯಿತೆಂದು ‘ನಿಹೋನ್ ಶೋಕಿ’ ಎಂಬ ಅವರ ಪುರಾತನ ಇತಿಹಾಸ ಹೇಳುತ್ತದೆ. 657ರ ವೃತ್ತಾಂತದಲ್ಲಿ ಉಲ್ಲಂಬನದ ಹೆಸರೇ ಬರುತ್ತದೆ. ಚೀನೀಯರ ಬಾಯಲ್ಲಿ ಸವೆದ ಆ ಹೆಸರು ಜಪಾನೀಯರಲ್ಲಿ ‘ಉರಬೋನ್’ ಆಯಿತು, ಅದೂ ಸವೆದು ‘ಬೋನ್’ ಉಳಿಯಿತು. ಮುಂದೆ ‘ಓ’ ಎಂಬ ಗೌರವದ ಅಕ್ಷರ ಸೇರಿ ಇಂದು ಎಲ್ಲರೂ ಅದನ್ನು ‘ಓಬೋನ್’ ಎನ್ನುತ್ತಾರೆ.

ಆದರೆ ಓಬೋನ್ ಪೂರ್ತಿಯಾಗಿ ನಮ್ಮಿಂದ ಹೋದದ್ದೆಂದು ಬೀಗುವುದು ಸಲ್ಲದು. ಸತ್ತ ಹಿರಿಯರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ, ಅವರನ್ನು ದಾರಿ ತೋರಿಸಿ ಕರೆತಂದು, ಉಪಚರಿಸಿ, ಮತ್ತೆ ಕಳುಹಿಸಿಕೊಡಬೇಕು ಎಂಬ ಭಾವನೆ ಆ ದ್ವೀಪಗಳ ನೆಲದಲ್ಲಿಯೇ ಇದ್ದದ್ದು. ಭಾರತದ ಕಥೆ ಅದಕ್ಕೆ ಬಂದು ಕಸಿಯಾಯಿತು. 1873ರಲ್ಲಿ ಜಪಾನು ಚಾಂದ್ರಮಾನವನ್ನು ಬಿಟ್ಟು ಯುರೋಪಿನ ಪಂಚಾಂಗವನ್ನು ಅಂಗೀಕರಿಸಿದಾಗ ಈ ಹಬ್ಬಕ್ಕೂ ಇಕ್ಕಟ್ಟು ಬಂದಿತು. ತೋಕಿಯೊದವರು ಹೊಸ ಲೆಕ್ಕದಂತೆ ಜುಲೈಯಲ್ಲಿ ಮಾಡತೊಡಗಿದರು. ನಾಡಿನ ಬಹುಭಾಗ ಒಂದು ತಿಂಗಳು ತಡಮಾಡಿ ಆಗಸ್ಟ್ 13ರಿಂದ 16ರ ವರೆಗೆ ಆಚರಿಸುತ್ತದೆ. ಓಕಿನಾವದವರು ಇಂದಿಗೂ ಚಂದ್ರನನ್ನು ಬಿಟ್ಟಿಲ್ಲ. ಮುಂಬಯಿಯಲ್ಲಿರುವ ತುಳುನಾಡಿನ ಕುಟುಂಬಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆಗಸ್ಟಿನ ಆ ದಿನಗಳೆಂದರೆ ಆಟಿ ತಿಂಗಳ ಕೊನೆ. ತುಳುನಾಡಿನ ಮನೆಗಳಲ್ಲಿ ‘ಕುಲೆ’ಗಳಿಗೆ, ಎಂದರೆ ಸತ್ತ ಹಿರಿಯರಿಗೆ, ಬಡಿಸುವ ಕಾಲ. ಮದುವೆಯಾಗದೆ ಸತ್ತವರಿಗೆ ಮದುವೆ ಮಾಡಿಸುವ ಪದ್ಧತಿಯೂ ಆಟಿಯಲ್ಲಿ ಉಂಟು. ಉತ್ತರ ಜಪಾನಿನಲ್ಲಿಯೂ ಅಂಥದೊಂದಿದೆ: ಅಲ್ಲಿ ಅವಿವಾಹಿತ ಮೃತನಿಗೆ ಮದುವೆಯ ಚಿತ್ರ ಬರೆಯಿಸಿಯೋ, ವಧುವಿನ ಬೊಂಬೆಯಿಟ್ಟೋ ದೇವಾಲಯಕ್ಕೆ ಒಪ್ಪಿಸುತ್ತಾರೆ.

ಒಂದು ಆಗಸ್ಟ್ ತಿಂಗಳನ್ನು ಕ್ಯೋಟೊ ನಗರದಲ್ಲಿ ಕಳೆಯುವ ಯೋಗ ಈ ಲೇಖಕನಿಗೆ ಒದಗಿತ್ತು. ಅಲ್ಲಿ ಹಬ್ಬ ಆರಂಭವಾಗುವುದು 13ಕ್ಕೂ ಮೊದಲೇ. ಹಳೆಯ ಊರಿನ ಪೂರ್ವಕ್ಕೆ, ಹಿಂದೆ ಶ್ಮಶಾನಭೂಮಿಯ ಬಾಗಿಲಾಗಿದ್ದ ಸ್ಥಳದಲ್ಲಿ ಚಿನ್ನೋಜಿ ಎಂಬ ದೇವಾಲಯವಿದೆ. 7ನೆಯ ತಾರೀಖಿನಿಂದ 10ರ ವರೆಗೆ ಜನ ಅಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಗಂಟೆ ಕಣ್ಣಿಗೆ ಕಾಣಿಸದು, ಗೋಡೆಯ ಒಳಗಿದೆ. ಹೊರಗೆ ಚಾಚಿದ ಹಗ್ಗವೊಂದೇ ಕೈಗೆ ಸಿಗುವುದು. ಅದನ್ನು ಎಳೆದರೆ ಮಂದ್ರವಾದ ಒಂದು ನಾದ ನೆಲದೊಳಗಿಂದ ಬಂದಂತೆ ಬರುತ್ತದೆ. ಪಿತೃಗಳನ್ನು ಕರೆಯುವ ಗಂಟೆ ಅದು. ತೆಳ್ಳನೆಯ ಮರದ ಹಲಗೆಯ ಮೇಲೆ ಮೃತರ ಹೆಸರು ಬರೆಯಿಸಿ, ಹಸಿರೆಲೆಯ ಟೊಂಗೆಯಿಂದ ನೀರು ಚಿಮುಕಿಸುತ್ತಾರೆ. ಕೋಯಾಮಾಕಿ ಎಂಬ ಮರದ ಆ ಟೊಂಗೆಗಳನ್ನು ಕೊಂಡು ಮನೆಗೂ ಒಯ್ಯುತ್ತಾರೆ. ನಮ್ಮಲ್ಲಿ ದರ್ಭೆ ಎಳ್ಳುಗಳಿಗಿರುವ ಸ್ಥಾನ ಅದಕ್ಕಿದೆ ಎನ್ನಬಹುದೇನೋ. ಸರತಿಯಲ್ಲಿ ನನ್ನ ಮುಂದಿದ್ದ ಮುದುಕಿಯೊಬ್ಬಳು ಹಗ್ಗವನ್ನು ಎಳೆದು, ಕಿವಿ ಕೇಳಿಸದವರನ್ನು ಎಬ್ಬಿಸುವವಳಂತೆ ಇನ್ನೊಮ್ಮೆ ಎಳೆದಳು. ಹಿಂದಿದ್ದವರು ಯಾರೂ ಅವಸರಪಡಿಸಲಿಲ್ಲ.

ಕ್ಯೋಟೊದವರು ಹೀಗೆ ಬಂದ ಪಿತೃಗಳನ್ನು ‘ಓಶೊರಾಯ್‌ಸಾನ್’ ಎಂದು ಬಹುವಚನದ ಮರ್ಯಾದೆಯಿಂದ ಕರೆಯುತ್ತಾರೆ. ಮನೆಗೆ ಬಂದ ಬೀಗರಂತೆ. ದಿನದಿನಕ್ಕೂ ಬೇರೆಬೇರೆ ಅಡಿಗೆ. ಮೀನು ಮಾಂಸ ವರ್ಜ್ಯ. ಕಮಲದ ಎಲೆಯ ಮೇಲೆ ತೊಳೆದ ಅಕ್ಕಿಯನ್ನೂ ಸಣ್ಣಗೆ ಹೆಚ್ಚಿದ ಬದನೆ, ಸೌತೆಗಳನ್ನೂ ಇಡುವುದು ಅನೇಕ ಕಡೆ ಉಂಟು. ಪೂರ್ವ ಜಪಾನಿನ ಮನೆಗಳಲ್ಲಿ ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ ಮಾಡುತ್ತಾರೆ, ಬದನೆಕಾಯಿಗೆ ಚುಚ್ಚಿ ಹಸು ಮಾಡುತ್ತಾರೆ. ಬರುವಾಗ ಕುದುರೆಯ ಮೇಲೆ ಬೇಗ ಬನ್ನಿ, ಹೋಗುವಾಗ ಹಸುವಿನ ಮೇಲೆ ನಿಧಾನವಾಗಿ ಹೋಗಿ ಎಂದು ಅದರ ಅರ್ಥ. ಆದರೆ ಕೊನೆಯ ದಿನ, 16ರ ಬೆಳಿಗ್ಗೆ, ಕ್ಯೋಟೊದ ಗೃಹಿಣಿಯರು ‘ಅರಮೆ’ ಎಂಬ ಕಡಲಪಾಚಿಯನ್ನು ಬೇಯಿಸಿ ಆ ಕಪ್ಪು ನೀರನ್ನು ಬಾಗಿಲ ಹೊರಗೆ ಚೆಲ್ಲುತ್ತಾರೆ. ಮನೆಯ ಮೋಹದಿಂದ ಹಿಂದುಳಿಯಬಯಸುವ ಹಿರಿಯರು ಅದನ್ನು ಕಂಡು ಹೊರಡಬೇಕಂತೆ! ಮರ್ಯಾದೆಯೂ ಉಂಟು, ಮುಲಾಜಿಲ್ಲದಿರುವುದೂ ಉಂಟು.

ನಮ್ಮಲ್ಲಿಯೂ ಎಲ್ಲರ ಪಿತೃಭೋಜನ ಒಂದೇ ತೆರನಾದುದಲ್ಲ. ಶ್ರಾದ್ಧದ ಅಡಿಗೆಯಲ್ಲಿ ಈರುಳ್ಳಿ, ಕೋಸು ಹತ್ತಿರ ಸುಳಿಯದ ಮನೆಗಳಿವೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮಹಾಲಯ ಅಮಾವಾಸ್ಯೆಯ ಎಡೆಗೆ ಬಾಡೂಟವಿಟ್ಟು, ಹೊಸ ಬಟ್ಟೆಯಿಟ್ಟು, ಅಪ್ಪನಿಗೆ ಪ್ರಿಯವಾಗಿದ್ದ ಬೀಡಿಯನ್ನೂ ಮರೆಯದೆ ಇಡುವ ಮನೆಗಳಿವೆ. ಜಪಾನಿನ ಸಮಾಧಿಗಳ ಮುಂದೆ ಬಿಯರಿನ ಡಬ್ಬಿ, ಹೊತ್ತಿಸಿದ ಸಿಗರೇಟು ಕಂಡಾಗ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಶಾಸ್ತ್ರವು ಏನೇ ಹೇಳಲಿ, ಸತ್ತವರ ನಾಲಗೆಯ ರುಚಿ ಮನೆಯವರಿಗೆ ಗೊತ್ತು.

16ರ ರಾತ್ರಿ ಪಿತೃಗಳನ್ನು ಬೀಳ್ಕೊಡುವ ಬೆಂಕಿ. ಕ್ಯೋಟೊ ನಗರವು ಮೂರು ಕಡೆ ಗುಡ್ಡಗಳ ನಡುವೆ ಇದೆ. ಪೂರ್ವದ ಗುಡ್ಡದ ಮೈಯಲ್ಲಿ ರಾತ್ರಿ 8 ಗಂಟೆಗೆ ಸರಿಯಾಗಿ ‘ಮಹತ್’ ಎಂಬ ಅರ್ಥದ ಚೀನೀ ಅಕ್ಷರವೊಂದು ಬೆಂಕಿಯಲ್ಲಿ ಮೂಡುತ್ತದೆ. 75 ಅಗ್ನಿಕುಂಡಗಳು, ಅಕ್ಷರದ ಒಂದು ಗೆರೆಯೇ 160 ಮೀಟರು ಉದ್ದ. ಆಮೇಲೆ ಐದೈದು ನಿಮಿಷ ಬಿಟ್ಟು ಬೇರೆ ಗುಡ್ಡಗಳ ಮೇಲೆ ‘ಸದ್ಧರ್ಮ’ ಎಂಬರ್ಥದ ಎರಡು ಅಕ್ಷರಗಳು, ಒಂದು ಹಡಗು, ಮತ್ತೊಂದು ‘ಮಹತ್’, ಕೊನೆಗೆ ಶಿಂತೊ ದೇವಾಲಯದ ತೋರಣದ ಆಕೃತಿ. ಇದರ ಮೂಲವನ್ನು ಒಂಬತ್ತನೆಯ ಶತಮಾನದ ಕೂಕಾಯ್ ಗುರುವಿಗೆ ಒಯ್ಯುವ ಐತಿಹ್ಯವಿದೆ. ಲಿಖಿತ ಸಾಕ್ಷ್ಯವೆಂದರೆ 1603ರ ಒಂದು ದಿನಚರಿಯಿಂದ ಈಚೆಗೆ. ಕಟ್ಟಿಗೆ ಕಡಿದು ಗುಡ್ಡ ಹತ್ತಿಸುವ ಹೊಣೆ ಆಯಾ ಗುಡ್ಡದ ಬುಡದ ಕುಟುಂಬಗಳದು, ತಂದೆಯಿಂದ ಮಗನಿಗೆ ಬಂದದ್ದು. ಊರವರು ಪೈನ್ ಕಟ್ಟಿಗೆಯ ತುಂಡಿನ ಮೇಲೆ ತಮ್ಮ ಮೃತರ ಹೆಸರು ಬರೆದು ಆ ರಾಶಿಗೆ ಸೇರಿಸುತ್ತಾರೆ. ಮರುದಿನ ಬೆಳಿಗ್ಗೆ ಇದ್ದಿಲನ್ನು ಆಯ್ದು ತಂದು, ಕಾಗದದಲ್ಲಿ ಸುತ್ತಿ ಬಾಗಿಲಿಗೆ ಕಟ್ಟುತ್ತಾರೆ. ಬಡಗನಾಡಿನಲ್ಲಿ ಕಾಮದಹನದ ಕೆಂಡವನ್ನು ಒಲೆಗೆ ತರುವವರಿಗೆ ಇದು ಹೊಸದೆನಿಸದು. 1943ರಿಂದ 1945ರ ವರೆಗೆ, ಯುದ್ಧದ ಕಾರಣ ರಾತ್ರಿ ದೀಪ ಹಚ್ಚುವಂತಿರಲಿಲ್ಲವಾಗಿ, ಬೆಂಕಿ ನಿಂತಿತು. ಆಗ ಶಾಲೆಯ ಮಕ್ಕಳು ಬಿಳಿಯ ಅಂಗಿ ತೊಟ್ಟು ಹಗಲಿನಲ್ಲಿ ಗುಡ್ಡವನ್ನೇರಿ, ಆ ಅಕ್ಷರದ ಗೆರೆಗಳಲ್ಲಿ ತಾವೇ ನಿಂತರು. 2020ರಲ್ಲಿ ಸಾಂಕ್ರಾಮಿಕ ರೋಗದ ಕಾಲಕ್ಕೆ ಜನ ಸೇರದಿರಲೆಂದು 75ರ ಬದಲು 6 ಕುಂಡಗಳನ್ನು ಮಾತ್ರ ಹೊತ್ತಿಸಿದರು. ಉಳಿದ ಗೆರೆಗಳನ್ನು ಊರವರು ಮನಸ್ಸಿನಲ್ಲಿ ತುಂಬಿಕೊಂಡರು.

ಇಷ್ಟೆಲ್ಲ ಕಂಡರೂ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಬೆಂಕಿಯಲ್ಲ, ಸಮಾಧಿಗಳ ಹಿಂದೆ ನೆಟ್ಟ ಉದ್ದುದ್ದನೆಯ ಹಲಗೆಗಳು. ಗಾಳಿ ಬೀಸಿದಾಗ ಒಂದಕ್ಕೊಂದು ತಾಗಿ ಅವು ಕಟಕಟ ಎನ್ನುತ್ತವೆ. ಇವಕ್ಕೆ ‘ಸೊತೊಬಾ’ ಎಂದು ಹೆಸರು. ಸೊತೊಬಾ ಎಂದರೆ ನಮ್ಮ ಸ್ತೂಪ. ಭೀಮಾ ನದಿಯ ದಡದಲ್ಲಿ, ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, ಅಶೋಕನ ಶಿಲ್ಪದೊಡನೆ 1990ರ ದಶಕದಲ್ಲಿ ನೆಲದಿಂದ ಎದ್ದು ಬಂದ ಮಹಾಸ್ತೂಪದ ವಂಶವೇ ಇದು; ದೇಶಾಂತರದಲ್ಲಿ ಸಣ್ಣಗಾಗುತ್ತ ಸಣ್ಣಗಾಗುತ್ತ ಕೊನೆಗೆ ಒಂದು ಹಲಗೆಯಾಗಿದೆ. ಹಲಗೆಯ ತುದಿಯಲ್ಲಿ ಕಚ್ಚುಗಳನ್ನು ಕೊರೆದಿರುತ್ತಾರೆ. ಅದೇ ಆಕಾರ ಕಲ್ಲಿನಲ್ಲಿಯೂ ಇದೆ: ಕೆಳಗೆ ಚೌಕ, ಅದರ ಮೇಲೆ ಗೋಲ, ಮೇಲೆ ಮುಕ್ಕೋನ, ಅರ್ಧಚಂದ್ರ, ತುದಿಗೆ ಮಣಿ. ಪೃಥಿವಿ, ಅಪ್, ತೇಜಸ್ಸು, ವಾಯು, ಆಕಾಶ. ದೇಹವು ಪಂಚಭೂತಗಳಲ್ಲಿ ಸೇರಿತು ಎಂದು ನಾವು ಬಾಯಲ್ಲಿ ಹೇಳುವುದನ್ನು ಅವರು ಕಲ್ಲಿನಲ್ಲಿ ನಿಲ್ಲಿಸಿದ್ದಾರೆ.

ಆ ಹಲಗೆಗಳ ಮೇಲೆ ಕುಂಚದಿಂದ ಬರೆದ ಅಕ್ಷರಗಳು ಚೀನೀಯವೂ ಅಲ್ಲ, ಜಪಾನಿನವೂ ಅಲ್ಲ. ಅವು ನಮ್ಮ ದೇಶದ ‘ಸಿದ್ಧಂ’ ಲಿಪಿ. ಕನ್ನಡವೂ ಅದೂ ಬ್ರಾಹ್ಮಿಯ ಮೊಮ್ಮಕ್ಕಳೇ. ಕೋಷ್ಟಕವೊಂದನ್ನು ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಓದಿದೆ: ಖ, ಹ, ರ, ವ, ಅ. ಪಂಚಭೂತಗಳ ಬೀಜಾಕ್ಷರಗಳು. ನಮ್ಮ ಪೂಜೆಯಲ್ಲಿ ಲಂ, ವಂ, ರಂ, ಯಂ, ಹಂ ಎನ್ನುತ್ತೇವಲ್ಲ, ಅದರ ದಾಯಾದಿ. ನೀರಿಗೆ ‘ವ’, ಬೆಂಕಿಗೆ ‘ರ’ ಎರಡೂ ಕಡೆ ಒಂದೇ. ಕೂಕಾಯ್ ಗುರುವು 806ರಲ್ಲಿ ಚೀನಾದಿಂದ ಮರಳುವಾಗ ಈ ಲಿಪಿಯ ವಿದ್ಯೆಯನ್ನು ತಂದನು. ಅವನಿಗೆ ಚೀನಾದಲ್ಲಿ ಸಂಸ್ಕೃತ ಕಲಿಸಿದವರಲ್ಲಿ ಪ್ರಜ್ಞನೆಂಬ ಭಾರತೀಯ ಭಿಕ್ಷುವಿದ್ದನು. ಭಾರತದಲ್ಲಿ ಆ ಲಿಪಿ ಬಳಕೆ ತಪ್ಪಿತು. ಜಪಾನಿನ ಶ್ಮಶಾನಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಜಪಾನಿನ ಮಕ್ಕಳು ಕಲಿಯುವ ಅಕ್ಷರಮಾಲೆಯ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮವೂ ಈ ಸಿದ್ಧಂ ವ್ಯಾಸಂಗದಿಂದಲೇ ಬಂದದ್ದು. ಹದಿನೆಂಟನೆಯ ಶತಮಾನದಲ್ಲಿ ಜಿಉನ್ ಎಂಬ ಭಿಕ್ಷುವು ಭಾರತದ ಗುರುವೊಬ್ಬನ ಮುಖವನ್ನೂ ಕಾಣದೆ, ಹಳೆಯ ಹಸ್ತಪ್ರತಿಗಳಿಂದಲೇ ಸಂಸ್ಕೃತದ ಮೇಲೆ ಸುಮಾರು ಸಾವಿರ ಸಂಪುಟಗಳಷ್ಟು ಬರೆದಿಟ್ಟನು.

ಆದರೆ ಸಮಾಧಿಗೆ ಹೂವಿಟ್ಟು ನೀರೆರೆಯುವ ಸಂಸಾರಸ್ಥರಿಗೆ ಆ ಅಕ್ಷರಗಳನ್ನು ಓದಲು ಬಾರದು. ಬರೆಯುವ ಪುರೋಹಿತನಿಗಷ್ಟೇ ಗೊತ್ತು. ಸಾವಿರದ ಇನ್ನೂರು ವರ್ಷಗಳಿಂದ ಅದು ಹೀಗೆ ಪವಿತ್ರವಾದ ಚಿತ್ರವಾಗಿ ನಡೆದುಬಂದಿದೆ. ಜಪಾನೀಯರಿಗೆ ಇದರಿಂದ ನಷ್ಟವಿಲ್ಲ. ಆ ಲಿಪಿ ಅವರ ಮನೆಮಾತಿನದಲ್ಲ, ಮನೆಮಾತಿಗೆ ಬೇರೆ ಲಿಪಿ ಗಟ್ಟಿಯಾಗಿ ಇದೆ. ಕಷ್ಟ ನಮ್ಮಂಥವರದು. ಹೊರನಾಡಿನ ಎಷ್ಟೋ ಕನ್ನಡ ಮನೆಗಳಲ್ಲಿ ಅಜ್ಜನ ತಿಥಿ ತಪ್ಪದೆ ನಡೆಯುತ್ತದೆ. ಮೊಮ್ಮಗನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡ ಮಂತ್ರವನ್ನು ನೋಡಿ ತಪ್ಪಿಲ್ಲದೆ ತರ್ಪಣ ಬಿಡುತ್ತಾನೆ. ಅದೇ ಅಜ್ಜನು ಊರಿನಿಂದ ಬರೆದ ಕಾಗದಗಳ ಕಟ್ಟು ಪೆಟ್ಟಿಗೆಯಲ್ಲಿದೆ. ಅದನ್ನು ಬಿಚ್ಚಿದರೆ ಹುಡುಗನಿಗೆ ಕಾಣುವುದು ಸೊತೊಬಾದ ಹಲಗೆಯೇ. ಓದಲು ಬಾರದ ಅಕ್ಷರ ಮಂತ್ರವಾದೀತು. ಮಳೆ ಬಂತೇ, ಎಮ್ಮೆ ಈಯಿತೇ, ಮಗುವಿನ ಜ್ವರ ಬಿಟ್ಟಿತೇ ಎಂದು ಕೇಳುವ ಕಾಗದವಾಗಲಾರದು. ಸಂಘದ ಕನ್ನಡ ತರಗತಿಯಲ್ಲಿ ಹುಡುಗರು ಕಡಮೆಯಾದಾಗಲೆಲ್ಲ ನನಗೆ ಆ ಹಲಗೆಗಳ ಕಟಕಟ ಕೇಳಿಸುತ್ತದೆ.

ಇನ್ನು ಹೆಸರುಗಳ ಮಾತು. ಜಪಾನಿನ ಸಾಮಾನ್ಯ ರೈತನಿಗೂ ತನ್ನ ಮುತ್ತಜ್ಜಂದಿರ ಸಾವಿನ ತಿಥಿ ತಿಳಿಯುವುದು ಹೇಗೆ? ಇದಕ್ಕೆ ಕಾರಣ ಭಕ್ತಿಗಿಂತ ಹೆಚ್ಚಾಗಿ ರಾಜಾಜ್ಞೆ. 1614ರಲ್ಲಿ ತೊಕುಗಾವಾ ಪ್ರಭುಗಳು ಕ್ರೈಸ್ತಮತವನ್ನು ದೇಶಾದ್ಯಂತ ನಿಷೇಧಿಸಿದರು. ಶಿಮಾಬರಾ ದಂಗೆಯನ್ನು 1638ರಲ್ಲಿ ಅಡಗಿಸಿದ ಮೇಲೆ, ತಾನು ಕ್ರೈಸ್ತನಲ್ಲವೆಂದು ತೋರಿಸಲು ಪ್ರತಿಯೊಂದು ಕುಟುಂಬವೂ ಒಂದು ಬೌದ್ಧ ದೇವಾಲಯದಲ್ಲಿ ದಾಖಲಾಗುವ ಕಟ್ಟಳೆ ಬಿಗಿಯಾಯಿತು. ಹೀಗೆ ಮನೆಗೊಂದು ದೇವಾಲಯ, ದೇವಾಲಯಕ್ಕೊಂದು ‘ಕಾಕೊಚೊ’, ಎಂದರೆ ಗತಿಸಿದವರ ಪುಸ್ತಕ. ಜನರನ್ನು ಕಾಯಲು ಮಾಡಿದ ಪೊಲೀಸು ವ್ಯವಸ್ಥೆ ಕಾಲಾಂತರದಲ್ಲಿ ಬಡವರ ವಂಶಾವಳಿಯಾಯಿತು. ಇತಿಹಾಸದ ಚೇಷ್ಟೆಗಳಲ್ಲಿ ಇದೂ ಒಂದು. ನಮ್ಮಲ್ಲಿ ಗಯೆ, ನಾಸಿಕಗಳ ಪಂಡರ ಬಳಿ ಯಾತ್ರೆ ಹೋದವರ ಹೆಸರು ಸಿಕ್ಕೀತು. ಹಳ್ಳಿಯ ಒಕ್ಕಲು ಮನೆಗಳಿಗೆ ಹೆಳವರೇ ಕಾಕೊಚೊ. ಸುಗ್ಗಿಯಾದ ಮೇಲೆ ಎತ್ತನ್ನೇರಿ ಬಂದು, ಅಂಗಳದಲ್ಲಿ ನಿಂತು, ಇಂಥವನ ಮಗ ಇಂಥವನು, ಇಂಥ ಊರಿನಿಂದ ಬಂದವನು ಎಂದು ಮನೆತನದ ಹೆಸರುಗಳನ್ನು ಹೇಳಿ ಕಾಳುಕಡಿ ಒಯ್ಯುವ ಹೆಳವನನ್ನು ಬಡಗನಾಡಿನ ಹಿರಿಯರು ಮರೆತಿರಲಾರರು. ದಾದರದ ಚಾಳಿಗೂ ಚೆಂಬೂರಿನ ಆರನೆಯ ಮಾಳಿಗೆಗೂ ಅವನ ಎತ್ತು ಹತ್ತಿ ಬರುವಂತಿಲ್ಲ.

ಸತ್ತವನಿಗೆ ಜಪಾನಿನಲ್ಲಿ ಏಳೇಳು ದಿನಕ್ಕೊಮ್ಮೆ ನಡೆದು 49ನೆಯ ದಿನ ಮುಗಿಯುವ ಕ್ರಿಯೆ ಇದೆ. ಈ ಲೆಕ್ಕವೂ ಭಾರತದ ಬೌದ್ಧರದೇ. ಅಲ್ಲಿಂದ ಮುಂದೆ 7, 13, 17ನೆಯ ವರ್ಷಗಳಂದು ಸ್ಮರಣೆ ನಡೆಯುತ್ತ 33ಕ್ಕೋ 50ಕ್ಕೋ ನಿಲ್ಲುತ್ತದೆ. ಆಗ ಆ ವ್ಯಕ್ತಿಯ ಬೇರೆಯ ಹೆಸರು ಅಳಿದು, ಮನೆತನದ ಪಿತೃಗಳ ಗುಂಪಿನಲ್ಲಿ ಅವನು ಒಂದಾಗುತ್ತಾನೆ. ನಾವು ಸಪಿಂಡೀಕರಣವೆಂದು ಹನ್ನೆರಡನೆಯ ದಿನವೇ ಮಾಡಿ ಮುಗಿಸುವುದನ್ನು ಅವರು ಒಂದು ತಲೆಮಾರಿನುದ್ದಕ್ಕೂ ಎಳೆಯುತ್ತಾರೆ. ದಹನವಾದ ಮೇಲೆ ಬಂಧುಗಳು ಕಡ್ಡಿಗಳಿಂದ ಅಸ್ಥಿಯನ್ನು ಆಯುವಾಗ ಪಾದದಿಂದ ಆರಂಭಿಸಿ ತಲೆಗೆ ಮುಗಿಸುವುದು ಅಲ್ಲಿಯ ಕ್ರಮ. ನಮ್ಮ ಆಶ್ವಲಾಯನ ಗೃಹ್ಯಸೂತ್ರವೂ ಅಸ್ಥಿಸಂಚಯನಕ್ಕೆ ಪಾದ ಮೊದಲು, ಶಿರಸ್ಸು ಕೊನೆ ಎಂದೇ ವಿಧಿಸುತ್ತದೆ. ಒಂದರಿಂದ ಇನ್ನೊಂದು ಬಂದಿತೆಂದು ಇಷ್ಟರಿಂದಲೇ ಸಾಧಿಸಲಾಗದು. ಪಾತ್ರೆಯಲ್ಲಿಯೂ ಮನುಷ್ಯನು ತಲೆ ಮೇಲಾಗಿಯೇ ಇರಲಿ ಎಂಬ ಕನಿಕರ ಎರಡು ಕಡೆ ಬೇರೆಬೇರೆಯಾಗಿ ಹುಟ್ಟಿದ್ದರೂ ಹುಟ್ಟಿರಬಹುದು.

ಹಾಗೆಂದು ಅಲ್ಲಿ ಎಲ್ಲವೂ ಸುರಕ್ಷಿತವಾಗಿದೆಯೆಂದು ಭಾವಿಸಬಾರದು. ಓಬೋನ್ ಬಂದಿತೆಂದರೆ ತೋಕಿಯೊ, ಒಸಾಕಗಳಿಂದ ರೈಲು ರಸ್ತೆಗಳೆಲ್ಲ ತುಂಬಿ ಹರಿಯುವುದು ನಿಜ. ಗಣೇಶನ ಹಬ್ಬಕ್ಕೆ ಮುಂಬಯಿಯಿಂದ ಕೊಂಕಣಕ್ಕೆ ಹರಿಯುವ ಹಾಗೆಯೇ. ಆದರೆ ಹಳ್ಳಿಗಳಲ್ಲಿ ಜನ ಉಳಿದಿಲ್ಲ, ಮಕ್ಕಳು ಕಡಮೆ. ಹಿರಿಯರ ಸಮಾಧಿಯನ್ನು ಕಿತ್ತು ಅಸ್ಥಿಯನ್ನು ಬೇರೆಡೆಗೆ ಸಾಗಿಸಿದ ಪ್ರಸಂಗಗಳು ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಒಂದು ಲಕ್ಷವನ್ನು ಮೀರಿವೆ. ತೋಕಿಯೊದಲ್ಲಿ ಬಹು ಅಂತಸ್ತಿನ ಅಸ್ಥಿಮಂದಿರಗಳಿವೆ. ಕಾರ್ಡೊಂದನ್ನು ಯಂತ್ರಕ್ಕೆ ತೋರಿಸಿದರೆ ನಿಮ್ಮ ಹಿರಿಯರ ಪಾತ್ರೆ ತಾನಾಗಿ ಸರಿದು ಬಂದು ಮುಂದೆ ನಿಲ್ಲುತ್ತದೆ. ನೆನೆಯುವವರಿಲ್ಲದ ಸತ್ತವರಿಗೆ ಅವರು ‘ಮುಎನ್‌ಬೊತೊಕೆ’ ಎನ್ನುತ್ತಾರೆ, ಸಂಬಂಧ ಕಡಿದವರು ಎಂದು. ಓಬೋನ್ ಹಬ್ಬದಲ್ಲಿ ಅಂಥವರಿಗೂ ಬೇರೆಯಾಗಿ ಒಂದು ಎಡೆ ಇಡುವ ಮನೆಗಳುಂಟು. ನಮ್ಮ ತರ್ಪಣದ ಕೊನೆಗೂ ಇದಿದೆಯಲ್ಲ: ವಸ್ತ್ರದ ಅಂಚನ್ನು ಹಿಂಡಿ, ಸಂತಾನವಿಲ್ಲದೆ, ಬಂಧುಗಳಿಲ್ಲದೆ ಹೋದವರಿಗೂ ನೀರು ಬಿಡುವ ಆ ಚಿಕ್ಕ ಭಾಗ. ಅವಸರದಲ್ಲಿ ಅದನ್ನೇ ಬಿಟ್ಟುಬಿಡುವವರೂ ಇದ್ದಾರೆ.

ಊರು ಬಿಟ್ಟವರೇ ಈ ಹಬ್ಬವನ್ನು ಚೆನ್ನಾಗಿ ಉಳಿಸಿಕೊಂಡಿದ್ದಾರೆಂದು ಹೇಳಬೇಕಾದರೆ ಹವಾಯಿ ದ್ವೀಪಗಳನ್ನು ನೋಡಬೇಕು. 1885ರಲ್ಲಿ ಸರಕಾರದ ಕರಾರಿನ ಮೇಲೆ ಜಪಾನೀ ಕೂಲಿಗಳು ಅಲ್ಲಿಯ ಕಬ್ಬಿನ ತೋಟಗಳಿಗೆ ಹೋದರು, ಹಿಂದಿರುಗದವರೇ ಬಹಳ. ಕಬ್ಬಿನ ತೋಟಗಳು ಮುಚ್ಚಿಹೋದರೂ ಓಬೋನಿನ ಕುಣಿತ ನಿಂತಿಲ್ಲ. ಅಲ್ಲಿ ಪಂಚಾಂಗದ ನಾಲ್ಕು ದಿನಕ್ಕೆ ಅದು ಕಟ್ಟುಬಿದ್ದಿಲ್ಲ: ಜೂನಿನಿಂದ ಆಗಸ್ಟಿನ ವರೆಗೆ ವಾರಕ್ಕೊಂದು ಬೌದ್ಧಮಂದಿರದ ಸರದಿ, ಒಂದು ಮಂದಿರದವರು ಇನ್ನೊಂದಕ್ಕೆ ಹೋಗಿ ಕುಣಿಯಲೆಂದು. ಜಪಾನೀ ಭಾಷೆ ಮರೆತ ನಾಲ್ಕನೆಯ, ಐದನೆಯ ತಲೆಮಾರಿನವರು, ಅವರ ಜೊತೆಗೆ ಬೇರೆ ಜನಾಂಗದ ನೆರೆಹೊರೆಯವರೂ ವೃತ್ತದಲ್ಲಿ ಸೇರುತ್ತಾರೆ. ಮಾತು ಹೋದಲ್ಲಿ ಹೆಜ್ಜೆ ಉಳಿಯಿತು. ಅದು ಸಾಕೇ ಎಂದು ಹವಾಯಿಯವರನ್ನೇ ಕೇಳಬೇಕು.

ಜಪಾನೀಯರು ಮುಂಬಯಿಗೂ ಬಂದವರೇ. 1893ರಲ್ಲಿ ಜಪಾನಿನ ಹಡಗು ಕಂಪನಿಯೊಂದು ಜಮಶೇಟಜಿ ಟಾಟಾ ಅವರ ಸಹಕಾರದಿಂದ ಕೋಬೆ ಮತ್ತು ಮುಂಬಯಿಗಳ ನಡುವೆ ಹತ್ತಿಯ ಸಾಗಣೆಗಾಗಿ ಸಂಚಾರ ಆರಂಭಿಸಿತು. ನಮ್ಮ ಧಾರವಾಡ, ಹುಬ್ಬಳ್ಳಿಗಳ ಅರಳೆಯೂ ಇದೇ ಮುಂಬಯಿ ಪೇಟೆಗೆ ಬರುತ್ತಿದ್ದ ಕಾಲ ಅದು. ವರ್ತಕರು ಬಂದರು, ಗುಮಾಸ್ತರು ಬಂದರು. ಬಡತನದಿಂದ ಮಾರಿಹೋಗಿ, ಯಾರದೋ ಕೈಸೇರಿ ಬಂದ ಜಪಾನೀ ಹೆಣ್ಣುಮಕ್ಕಳೂ ಈ ಊರಿನಲ್ಲಿದ್ದರು. ವರಳಿಯಲ್ಲಿ ಜಪಾನೀ ಬೌದ್ಧಮಂದಿರವಿರುವುದನ್ನು ನಮ್ಮವರು ಅನೇಕರು ನೋಡಿರಬಹುದು. ಅದು 1933ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡ ಫುಜಿ ಗುರುಗಳ ಪಂಥದ್ದು. ಅದೇ ವರಳಿಯಲ್ಲಿ ಜಪಾನೀಯರ ಒಂದು ಚಿಕ್ಕ ಶ್ಮಶಾನವೂ ಇದೆಯೆಂಬುದನ್ನು ಬಲ್ಲವರು ಕಡಮೆ. ಹಿಂದಿನ ಶತಮಾನದ ಆರಂಭದಲ್ಲಿ ಈ ನಗರದಲ್ಲಿ ತೀರಿಕೊಂಡು, ಕೋಬೆಯ ಹಡಗು ಹತ್ತದೆ ಉಳಿದವರಿಗಾಗಿ ಆದದ್ದು. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ವಾಳಕೇಶ್ವರದ ಬಾಣಗಂಗೆಯ ಮೆಟ್ಟಿಲುಗಳ ಮೇಲೆ ಸಾಲಾಗಿ ಕೂರುವ ನಮ್ಮ ಜನರು, ಬಂಧುಗಳಿಲ್ಲದವರಿಗೆಂದು ವಸ್ತ್ರ ಹಿಂಡಿ ಬಿಡುವ ನೀರು ವರಳಿಯವರೆಗೂ ಹರಿದರೆ ಶಾಸ್ತ್ರದ ಅಡ್ಡಿಯೇನೂ ಇಲ್ಲ.